ಓದುಗರ ಪ್ರಶ್ನೆ: ಬೋಸ್ಕೊ ಗುರಿನ್‌ಗೆ ಒಂದು ದಿನ ಸಾಕೇ?

ಪ್ರಶ್ನೆ: ಆಗಸ್ಟ್‌ನಲ್ಲಿ ಜ್ಯೂರಿಕ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಸ್ವಿಟ್ಜರ್ಲೆಂಡಿನಲ್ಲಿ ವಾಲ್ಸರ್ ಎಂಬ ಜರ್ಮನ್ ಭಾಷಿಕ ಬೆಟ್ಟಜನರ ಹಳ್ಳಿ ಬೋಸ್ಕೊ ಗುರಿನ್ ನೋಡಿ, ಗುರಿನರ್ ಫುರ್ಕಾ ಎಂಬ ಬೆಟ್ಟದ ಘಾಟಿ ಹತ್ತಿ, ಅದೇ ದಿನ ಲೊಕಾರ್ನೊಗೆ ಮರಳಬಹುದೇ? ಕುಮಾರಪರ್ವತ ಹತ್ತಿದ್ದೇವೆ. ವಯಸ್ಸು ಅರವತ್ತರ ಆಸುಪಾಸು.
— ಓದುಗ ದಂಪತಿ, ಮೈಸೂರು

ಉತ್ತರ: ಹಳ್ಳಿಯಷ್ಟೇ ಆದರೆ ಧಾರಾಳವಾಗಿ ಆಗುತ್ತದೆ. ಫುರ್ಕಾ ಸೇರಿಸುವುದಾದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ. ತೊಡಕಿರುವುದು ಏರಿನಲ್ಲಲ್ಲ, ಬಸ್ಸಿನ ವೇಳೆಯಲ್ಲಿ. ಲೊಕಾರ್ನೊದಿಂದ ಚೆವಿಯೊಗೆ ಸುಮಾರು 50 ನಿಮಿಷ, ಅಲ್ಲಿ ಬಸ್ ಬದಲಿಸಿ ತಿರುವುಗಳ ದಾರಿಯಲ್ಲಿ ಇನ್ನೂ 40 ನಿಮಿಷ. ಹಿಂದಿರುಗುವ ಕೊನೆಯ ಬಸ್ ಯಾವಾಗ ಎಂದು ಹೊರಡುವ ಮೊದಲೇ ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪ್‌ನಲ್ಲಿ ನೋಡಿಟ್ಟುಕೊಳ್ಳಿ.

ಊರು 1,506 ಮೀಟರ್ ಎತ್ತರದಲ್ಲಿದೆ, ಫುರ್ಕಾ 2,323ರಲ್ಲಿ. ಅಂದರೆ 800 ಮೀಟರಿನ ಏರು, ಕುಕ್ಕೆಯಿಂದ ಕುಮಾರಪರ್ವತ ಹತ್ತುವುದರ ಅರ್ಧದಷ್ಟು. ಹತ್ತಲು ಮೂರು ಗಂಟೆ, ಇಳಿಯಲು ಎರಡು ಗಂಟೆಗೂ ಹೆಚ್ಚು ಇಟ್ಟುಕೊಳ್ಳಿ. ಹಳದಿ ಫಲಕಗಳು ಕಿಲೋಮೀಟರ್ ಹೇಳುವುದಿಲ್ಲ, ಸಮಯ ಹೇಳುತ್ತವೆ. ಅದರಲ್ಲಿ ನೀವು ಕೂತು ಬುತ್ತಿ ಬಿಚ್ಚುವ ಹೊತ್ತು ಸೇರಿಲ್ಲ. ಬಿಳಿ-ಕೆಂಪು-ಬಿಳಿ ಪಟ್ಟೆ ಬೆಟ್ಟದ ಹಾದಿಯ ಗುರುತು, ಇಲ್ಲಿ ಹಿಡಿತವಿರುವ ಬೂಟು ಬೇಕೇ ಬೇಕು. ಬಿಳಿ-ನೀಲಿ-ಬಿಳಿ ಕಂಡರೆ ಆ ಕಡೆ ಹೋಗಬೇಡಿ, ಅದು ಪಳಗಿದ ಆರೋಹಿಗಳಿಗೆ.

ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು-ಮಿಂಚು ಬರುವುದುಂಟು, ಬಯಲು ಏಣಿನ ಮೇಲೆ ಮರೆಯಿಲ್ಲ. ಬೆಳಿಗ್ಗೆ ಏಳಕ್ಕೆ ಹೊರಟು ಹನ್ನೆರಡರೊಳಗೆ ಇಳಿಯತೊಡಗಿ. ಕರುವಿರುವ ಹಸುಗಳ ನಡುವೆ ನುಗ್ಗದೆ ಸುತ್ತಿ ಹೋಗಿ. ನಮ್ಮೂರ ಹಸುವೆಂದು ಮೈ ಸವರಲು ಹೋಗಲೇಬೇಡಿ. ತುರ್ತಿಗೆ 112, ಹೆಲಿಕಾಪ್ಟರ್ ರಕ್ಷಣೆಗೆ 1414. ವಿಮೆಯಲ್ಲಿ ಬೆಟ್ಟದ ರಕ್ಷಣಾ ವೆಚ್ಚ ಸೇರಿದೆಯೇ ನೋಡಿ.

ಫುರ್ಕಾದ ಆಚೆ ಇಟಲಿ. ಷೆಂಗೆನ್ ವೀಸಾ ಎರಡೂ ಕಡೆಗೆ ಸಾಕು, ಆದರೆ ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಗುರಿನ್ ಜನರ ಪೂರ್ವಿಕರು ಅತ್ತ ಕಡೆಯ ಪೊಮಾಟ್, ಈಗಿನ ಫೋರ್ಮಾತ್ಸ ಕಣಿವೆಯಿಂದಲೇ ಬಂದವರು. ಇಟಾಲಿಯನ್ ಮಾತಿನ ಟಿಚಿನೊ ಪ್ರಾಂತ್ಯದಲ್ಲಿ ಜರ್ಮನ್ ಆಡುವ ಊರು ಇದೊಂದೇ. ಇಲ್ಲಿನ ಚರ್ಚಿನ ಪ್ರತಿಷ್ಠೆ 1253ರದು. ಬರಿಯ ಬೆಟ್ಟ ಹತ್ತಿ ಬರುವವರು ಕಣಜಗಳನ್ನು ನೋಡದೆ ಹೋಗುತ್ತಾರೆ, ಅದೇ ನಷ್ಟ: ಮರದ ಕಣಜ, ಕೆಳಗೆ ಗಿಡ್ಡ ಕಂಬಗಳು, ಕಂಬದ ತಲೆಯ ಮೇಲೆ ಅಗಲವಾದ ಚಪ್ಪಟೆ ಕಲ್ಲು. ಕಂಬ ಹತ್ತಿದ ಇಲಿ ಆ ಕಲ್ಲಿನ ಅಂಚು ದಾಟಲಾರದು. ವಾಲ್ಸರ್ ಮನೆಯ ವಸ್ತುಸಂಗ್ರಹಾಲಯ 1938ರಿಂದಿದೆ, ಚಳಿಗಾಲದಲ್ಲಿ ಮುಚ್ಚಿರುತ್ತದೆ.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳಿಗೆ ಬೋಸ್ಕೊ ಗುರಿನ್‌ನಲ್ಲಿ ಊಟ ಸಿಗುತ್ತದೆಯೇ?
— ಓದುಗರು, ದಾವಣಗೆರೆ

ಉತ್ತರ: ಪೊಲೆಂಟಾ ಸಿಗುತ್ತದೆ, ಮೆಕ್ಕೆಜೋಳದ ಹಿಟ್ಟಿನದು, ಮಾಂಸದ ಸಾರು ಬೇಡವೆಂದು ಮೊದಲೇ ಹೇಳಿ. ಆಲೂಗಡ್ಡೆಯ ರೋಸ್ಟಿಗೆ ‘ಓನೆ ಷ್ಪೆಕ್’ ಎನ್ನಿ, ಇಲ್ಲವಾದರೆ ಹಂದಿಕೊಬ್ಬಿನ ತುಂಡು ಬಿದ್ದಿರಬಹುದು. ಬೆಟ್ಟದ ಚೀಸ್ ಬಗ್ಗೆ ಎಚ್ಚರ: ಹಾಲು ಹೆಪ್ಪಿಡಲು ಹೆಚ್ಚಾಗಿ ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಚಪಾತಿ-ಚಟ್ನಿಪುಡಿ, ಹಣ್ಣು ಲೊಕಾರ್ನೊದಿಂದಲೇ ಕಟ್ಟಿಕೊಂಡು ಹೋಗುವುದು ಲೇಸು.