ಅಂತರಗಂಗೆಯ ಎಲೆ ಹಳದಿಯಾಗುವುದೇಕೆ?

ಪ್ರಶ್ನೆ: ನಮ್ಮ ಮನೆಯ ಎರಡಡಿ ಉದ್ದದ ಮೀನಿನ ತೊಟ್ಟಿಯಲ್ಲಿ ಎಂಟು ಗಪ್ಪಿಗಳಿವೆ, ತುಂಬಿಸುವುದು ಬಾವಿನೀರು. ಒಂದೂವರೆ ತಿಂಗಳ ಹಿಂದೆ ತಂದು ಬಿಟ್ಟ ಅಂತರಗಂಗೆ ಎಂಬ ತೇಲುಗಿಡದ ಕೆಳಗಿನ ಎಲೆಗಳು ಹಳದಿಯಾಗಿ ಕರಗುತ್ತಿವೆ, ಹೊಸ ಎಲೆಗಳು ಉಗುರಿನಷ್ಟಕ್ಕೇ ನಿಲ್ಲುತ್ತಿವೆ. ಕೆಲವು ಗಿಡಗಳ ನಡುಭಾಗ ಕೊಳೆತಿದೆ. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಹೀಗೇಕೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನೀವು ಬರೆದಿರುವುದು ಒಂದಲ್ಲ, ಎರಡು ತೊಂದರೆಗಳು. ಎಲೆ ಹಳದಿಯಾಗುವುದು ಹಸಿವಿನಿಂದ. ನಡುಭಾಗ ಕೊಳೆಯುವುದು ಮೇಲಿನಿಂದ ಬೀಳುವ ನೀರಿನಿಂದ.

ಕಾಸರಗೋಡಿನ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ. ಕುಡಿಯಲು ಅದು ಸೊಗಸಾದರೂ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಅದರಲ್ಲಿ ಕಡಿಮೆ. ಮಣ್ಣಿನಲ್ಲಿ ಬೇರೂರದೆ ನೀರಿನಿಂದಲೇ ಎಲ್ಲವನ್ನೂ ಹೀರಬೇಕಾದ ತೇಲುಗಿಡಕ್ಕೆ, ಎಂಟು ಪುಟ್ಟ ಮೀನುಗಳ ಮಲದಿಂದ ಸಿಗುವ ಸಾರಜನಕ ಸಾಲುವುದಿಲ್ಲ. ಸಾರಜನಕ ಕಡಿಮೆಯಾದಾಗ ಗಿಡವು ಹಳೆಯ ಎಲೆಯಿಂದ ಅದನ್ನು ಹಿಂತೆಗೆದು ಚಿಗುರಿಗೆ ಕೊಡುತ್ತದೆ. ಆದ್ದರಿಂದಲೇ ಮೊದಲು ಹಳದಿಯಾಗುವುದು ಕೆಳಗಿನ ಎಲೆ. ಒಂದು ಗಿಡವನ್ನು ಅಂಗೈಯಲ್ಲಿಟ್ಟು ನೋಡಿ. ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂತಹ ತೂತುಗಳಿದ್ದರೆ ಪೊಟ್ಯಾಸಿಯಂ ಕೊರತೆಯೂ ಇದೆ ಎಂದು ತಿಳಿಯಬಹುದು. ನರಗಳು ಹಸಿರಾಗಿಯೇ ಇದ್ದು ಚಿಗುರೆಲೆ ಬಿಳಿಚಿದ್ದರೆ ಅದು ಕಬ್ಬಿಣದ ಕೊರತೆ. ಮುರಕಲ್ಲಿನ ತುಂಬ ಕಬ್ಬಿಣವಿರುವಾಗ ಕೊರತೆಯೆಲ್ಲಿಂದ ಎಂದು ಅನೇಕರು ಕೇಳುತ್ತಾರೆ. ಗಾಳಿ ಸೇರಿದ ನೀರಿನಲ್ಲಿ ಆ ಕಬ್ಬಿಣ ತುಕ್ಕಾಗಿ ತಳ ಸೇರುವುದರಿಂದ ಗಿಡಕ್ಕೆ ದಕ್ಕುವುದಿಲ್ಲ.

ಪರಿಹಾರವಾಗಿ, ನೈಟ್ರೇಟ್, ಪೊಟ್ಯಾಸಿಯಂ ಮತ್ತು ಕರಗಿಯೇ ಉಳಿಯುವ ಕೀಲೇಟ್ ರೂಪದ ಕಬ್ಬಿಣವಿರುವ ಅಕ್ವೇರಿಯಂ ದ್ರವಗೊಬ್ಬರವನ್ನು, ಸೂಚಿಸಿದ ಪ್ರಮಾಣದ ಅರ್ಧದಿಂದ ಆರಂಭಿಸಿ, ವಾರಕ್ಕೊಮ್ಮೆ ಹಾಕಿ. ಪರೀಕ್ಷಾ ಕಿಟ್ ಇದ್ದರೆ ನೈಟ್ರೇಟ್ ಲೀಟರಿಗೆ 10ರಿಂದ 20 ಮಿಲಿಗ್ರಾಂನಲ್ಲಿರಲಿ. ತೋಟದ ಯೂರಿಯಾವನ್ನು ದಯವಿಟ್ಟು ಹಾಕಬೇಡಿ. ಅದರಿಂದ ಹುಟ್ಟುವ ಅಮೋನಿಯಾ ಗಪ್ಪಿಗಳ ಜೀವ ತೆಗೆಯಬಲ್ಲದು. ಹಳದಿಯಾದ ಎಲೆ ಮತ್ತೆ ಹಸಿರಾಗದು, ಅದನ್ನು ಚಿವುಟಿ ತೆಗೆದು ಮುಂದೆ ಬರುವ ಎಲೆಯನ್ನು ಗಮನಿಸಿ.

ಇನ್ನು ಕೊಳೆತದ ವಿಚಾರ. ಅಂತರಗಂಗೆಯ ಎಲೆಯ ಮೇಲಿರುವ ನವಿರಾದ ರೋಮಗಳು ಹನಿಯನ್ನು ಜಾರಿಸುತ್ತವೆ, ಆದರೆ ಹಗಲಿರುಳೂ ತೊಟ್ಟಿಕ್ಕಿದರೆ ಅವೂ ಸೋಲುತ್ತವೆ. ಗಾಜಿನ ಮುಚ್ಚಳದಲ್ಲಿ ಹಬೆ ಕಟ್ಟಿ ಉದುರುವ ನೀರು, ಫಿಲ್ಟರಿನ ಧಾರೆ, ಎರಡೂ ಇಲ್ಲಿ ಕಾರಣವಾಗಬಹುದು. ಮುಚ್ಚಳವನ್ನು ಓರೆಯಾಗಿಟ್ಟು ಗಾಳಿಯಾಡಲು ಎಡೆ ಬಿಡಿ. ಏರ್ ಪಂಪಿನ ಕೊಳವೆಯ ಎರಡು ತುದಿಗಳನ್ನು ಜೋಡಿಸಿ ತೇಲುವ ಬಳೆ ಮಾಡಿ, ಗಿಡಗಳನ್ನು ಅದರೊಳಗೆ ಬಿಟ್ಟರೆ ಅವು ಧಾರೆಯಡಿಗೆ ಸರಿಯುವುದಿಲ್ಲ. ಕಿಟಕಿಯ ಬೆಳಕು ಆಟಿ ತಿಂಗಳ ಮಳೆಮೋಡದಲ್ಲಿ ಸಾಲದು. ದಿನಕ್ಕೆ ಎಂಟು ಗಂಟೆ ಎಲ್‌ಇಡಿ ದೀಪವಿರಲಿ.

ಗಿಡ ಚೇತರಿಸಿಕೊಂಡ ಮೇಲೆ ನೀರಿನ ಮೇಲ್ಮೈಯ ಅರ್ಧದಷ್ಟನ್ನು ಮಾತ್ರ ಆವರಿಸುವಂತೆ ಪ್ರತಿ ವಾರ ತೆಗೆಯುತ್ತಿರಿ. ತೆಗೆದದ್ದನ್ನು ತೋಡಿಗೋ ಬೈಲಿಗೋ ಎಸೆಯಬೇಡಿ. ಮಲಯಾಳದಲ್ಲಿ ‘ಆಫ್ರಿಕನ್ ಪಾಯಲ್’ ಎನ್ನುವ ಇನ್ನೊಂದು ತೇಲುಗಿಡ ಸಾಲ್ವೀನಿಯಾ ಹೀಗೆಯೇ ಹಬ್ಬಿ ಕೇರಳದ ಗದ್ದೆ–ಕಾಲುವೆಗಳನ್ನು ಮುಚ್ಚಿಹಾಕಿ, 1980ರ ದಶಕದಲ್ಲಿ ಅದನ್ನು ತಿನ್ನುವ ಮೂತಿಹುಳುವನ್ನು ಬಿಡಬೇಕಾಗಿ ಬಂದಿತ್ತು. ಹೆಚ್ಚಾದ ಗಿಡಗಳನ್ನು ಅಂಗಳದಲ್ಲಿ ಪೂರ್ತಿ ಒಣಗಿಸಿ ಅಡಿಕೆ ಮರದ ಬುಡಕ್ಕೆ ಹಾಕಿ. ಮಳೆಗಾಲದಲ್ಲಿ ಒಣಗದಿದ್ದರೆ ನೀರು ಹರಿಯದ ಜಾಗದಲ್ಲಿ ಗುಂಡಿ ತೋಡಿ ಹೂತುಬಿಡಿ.