ಕಾಮಿಕ್ಸ್ ಟಿವಿಗೆ ಬರುವಾಗ

ಪ್ರಶ್ನೆ: ಮಲ್ಪೆ ಬಂದರಿಗೆ ಬಾಹ್ಯಾಕಾಶ ನೌಕೆ ಇಳಿಯುವ ಕಾಮಿಕ್ಸ್ ಬರೆದಿದ್ದೇನೆ. ಕೆಲವು ಪುಟ ಕಳಿಸಿದ್ದೇನೆ. ಟಿವಿ ಆನಿಮೇಷನ್ ಸರಣಿಗೆ ಇದೇ ಚಿತ್ರಗಳು ಸಾಕಾ?
– ಓದುಗ, ಉಡುಪಿ

ಉತ್ತರ: ಸಾಲದು. ಪುಟದಲ್ಲಿ ಎರಡು ಚೌಕಗಳ ನಡುವಿನ ಚಲನೆಯನ್ನು ಓದುವವರೇ ಊಹಿಸಿಕೊಳ್ಳುತ್ತಾರೆ. ಟಿವಿಯಲ್ಲಿ ಅದನ್ನೂ ನೀವೇ ಬಿಡಿಸಬೇಕು. ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್, ಅಂದರೆ ತೆರೆಯ ಮೇಲೆ ಒಂದರ ಹಿಂದೊಂದು ಬರುವ 24 ಸ್ಥಿರ ಚಿತ್ರ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ 12 ಚಿತ್ರ ಬೇಕು. ನೌಕೆಯ ಮೈತುಂಬ ಇರುವ ಬೋಲ್ಟು, ಪೈಪುಗಳನ್ನೆಲ್ಲ ಅಷ್ಟೂ ಸಲ ಬಿಡಿಸೋದು ಕಷ್ಟ ಅಲ್ವಾ? ಸ್ಟೋರಿಬೋರ್ಡ್ (ದೃಶ್ಯಗಳನ್ನು ಸಾಲಾಗಿ ಬಿಡಿಸಿಕೊಳ್ಳುವ ಕರಡು) ಮಾಡುವಾಗ ನಾನು ಮೊದಲು ಕಡಿಮೆ ಮಾಡುವುದೇ ಇಂಥದ್ದನ್ನು. ಆದರೆ ನೌಕೆಯ ಬೆಳಕಿಗೆ ಬಲೆಯೊಳಗಿನ ಬೂತಾಯಿ ಮೀನು ಮಿನುಗುವ ಚೌಕವಿದೆಯಲ್ಲ, ಅದನ್ನು ದಯವಿಟ್ಟು ಕೈಬಿಡಬೇಡಿ. ತುಂಬ ಚೆನ್ನಾಗಿದೆ. ಅಲ್ಲಿ ಹಿನ್ನೆಲೆಗೆ ಒಂದೇ ಚಿತ್ರ ಸಾಕು, ಬೆಳಕು ಮಾತ್ರ ಅಲುಗಲಿ. ಬಣ್ಣಕ್ಕೆ ಕೈ ಹಾಕುವ ಮೊದಲು ಪೆನ್ಸಿಲ್ ಚಿತ್ರಗಳನ್ನೇ ಮಾತಿನ ಜೊತೆ ಓಡಿಸಿ ನೋಡಿ. ಎಲ್ಲಿ ಎಳೆದಂತಾಗುತ್ತದೆ ಅಂತ ಗೊತ್ತಾಗುತ್ತದೆ.