ಎಬಿಎಸ್ ಮಾಡ್ಯೂಲ್ ಬದಲಿಸುವ ಮೊದಲು: ವಾಹನ ಪ್ರಶ್ನೋತ್ತರ

ಪ್ರಶ್ನೆ: ನಾಪೋಕ್ಲು ಸಮೀಪದ ತೋಟದ ಮನೆಯಲ್ಲಿ ನಮ್ಮ ವಾಸ. 2018ರ ಡೀಸೆಲ್ ಕಾರು ಇದೆ. ಜೋರು ಮಳೆಯಲ್ಲಿ ಮಡಿಕೇರಿಗೆ ಹೋಗುವಾಗ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಸ್ಟೀರಿಂಗ್ ಮತ್ತು ಎಂಜಿನ್ ದೀಪಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ, ಸ್ಪೀಡೋಮೀಟರಿನ ಮುಳ್ಳು ಸೊನ್ನೆಗೆ ಬೀಳುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ. ಮಳೆ ಬಿಟ್ಟು ಬಿಸಿಲು ಬಂದ ಮೇಲೆ ಎಲ್ಲವೂ ತಾನಾಗಿ ಸರಿಹೋಗುತ್ತದೆ. ವರ್ಕ್‌ಶಾಪಿನವರು ಸ್ಕ್ಯಾನರ್ (ಕಾರಿನ ದೋಷದ ಕೋಡುಗಳನ್ನು ಓದುವ ಉಪಕರಣ) ಹಾಕಿ ‘ಯು0121’ ಎಂಬ ಕೋಡ್ ತೋರಿಸಿ, ಎಬಿಎಸ್ ಮಾಡ್ಯೂಲನ್ನೇ (ಎಬಿಎಸ್ ನಡೆಸುವ ಪುಟ್ಟ ಕಂಪ್ಯೂಟರನ್ನೇ) ಹೊಸದಾಗಿ ಹಾಕಬೇಕು ಎಂದಿದ್ದಾರೆ. ಅದರ ಬೆಲೆ ನಮಗೆ ಭಾರ. ಹಾಕಿಸಲೇಬೇಕೇ? (ಓದುಗರೊಬ್ಬರು, ನಾಪೋಕ್ಲು)

ಉತ್ತರ: ಈಗಲೇ ಹಾಕಿಸಬೇಡಿ. ನೀವು ಬರೆದಿರುವ ಲಕ್ಷಣಗಳಲ್ಲಿ ಮಾಡ್ಯೂಲ್ ಕೆಟ್ಟಿದೆ ಎಂದು ತೋರಿಸುವ ಒಂದೂ ಇಲ್ಲ. ಅದಕ್ಕೆ ಕರೆಂಟ್ ತಲುಪುವ ದಾರಿಯಲ್ಲೋ ಅದರ ಮಾತು ಹೊರಗೆ ಹೋಗುವ ದಾರಿಯಲ್ಲೋ ನೀರು ಸೇರಿದೆ ಎಂಬುದಕ್ಕೆ ಮಾತ್ರ ಸಾಕಷ್ಟು ಸೂಚನೆಗಳಿವೆ.

ಇಂದಿನ ಕಾರಿನಲ್ಲಿ ಎಂಜಿನ್, ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್, ಮೀಟರ್ ಬೋರ್ಡ್ ಹೀಗೆ ಒಂದೊಂದಕ್ಕೂ ಒಂದೊಂದು ಮಾಡ್ಯೂಲ್ ಇರುತ್ತದೆ. ಇವು ಪರಸ್ಪರ ಮಾಹಿತಿ ಹಂಚಿಕೊಳ್ಳುವುದು ಹೆಣೆದಿರುವ ಎರಡು ತೆಳು ವೈರುಗಳ ಮೇಲೆ. ಬಾಷ್ ಕಂಪನಿ 1983ರಲ್ಲಿ ಕೆಲಸ ಆರಂಭಿಸಿ 1986ರಲ್ಲಿ ಹೊರಜಗತ್ತಿಗೆ ಪರಿಚಯಿಸಿದ ಈ ಪದ್ಧತಿಗೆ ‘ಕ್ಯಾನ್’ ಎಂದು ಹೆಸರು. ವೈರುಗಳಲ್ಲಿ ಒಂದನ್ನು ಕ್ಯಾನ್ ಹೈ, ಇನ್ನೊಂದನ್ನು ಕ್ಯಾನ್ ಲೋ ಎನ್ನುತ್ತಾರೆ. ಚಕ್ರಗಳು ಎಷ್ಟು ವೇಗದಲ್ಲಿ ತಿರುಗುತ್ತಿವೆ ಎಂಬುದನ್ನು ಅಳೆಯುವುದು ಎಬಿಎಸ್ ಮಾಡ್ಯೂಲ್. ಬಹಳಷ್ಟು ಕಾರುಗಳಲ್ಲಿ ಮೀಟರ್ ಬೋರ್ಡಿಗೆ ವೇಗದ ಅಂಕಿ ಬರುವುದೂ, ಸ್ಟೀರಿಂಗಿಗೆ ಎಷ್ಟು ನೆರವು ಕೊಡಬೇಕೆಂದು ಸ್ಟೀರಿಂಗ್ ಮಾಡ್ಯೂಲ್ ತೀರ್ಮಾನಿಸುವುದೂ ಅದು ಕಳಿಸುವ ಸಂದೇಶದಿಂದಲೇ. ಆದ್ದರಿಂದ ಎಬಿಎಸ್ ಮೌನವಾದ ಕ್ಷಣದಲ್ಲಿ ಮೂರು ದೀಪಗಳು ಒಟ್ಟಿಗೆ ಹೊತ್ತಿ, ಮುಳ್ಳು ಸೊನ್ನೆಗೆ ಬಿದ್ದರೆ ಅದು ಮೂರು ದೋಷಗಳಲ್ಲ, ಒಂದೇ ದೋಷದ ಮೂರು ಮುಖಗಳು.

ಇನ್ನು ಆ ಕೋಡಿನ ವಿಷಯ. ‘ಯು’ ಅಕ್ಷರದಿಂದ ಆರಂಭವಾಗುವ ಕೋಡುಗಳೆಲ್ಲ ಮಾಡ್ಯೂಲುಗಳ ನಡುವಿನ ಸಂಪರ್ಕಕ್ಕೆ ಸೇರಿದವು. ಯು0121 ಎಂದರೆ ‘ಎಬಿಎಸ್ ಮಾಡ್ಯೂಲಿನೊಂದಿಗೆ ಸಂಪರ್ಕ ತಪ್ಪಿತು’ ಎಂದರ್ಥ. ಇದನ್ನು ಬರೆದಿಟ್ಟಿರುವುದು ಎಬಿಎಸ್ ಅಲ್ಲ, ಅದರ ಸಂದೇಶಕ್ಕಾಗಿ ಕಾಯುತ್ತಿದ್ದ ಬೇರೆ ಮಾಡ್ಯೂಲುಗಳು. ತರಗತಿಯ ಹಾಜರಿ ಪುಸ್ತಕದಲ್ಲಿ ಒಬ್ಬ ವಿದ್ಯಾರ್ಥಿಯ ಹೆಸರಿನ ಮುಂದೆ ‘ಗೈರು’ ಎಂದು ಬರೆದಿದ್ದರೆ ಅವನು ಬಂದಿಲ್ಲ ಎಂದು ತಿಳಿಯುತ್ತದೆಯೇ ಹೊರತು, ಅವನಿಗೆ ಕಾಯಿಲೆಯೋ ಹೊಳೆ ಉಕ್ಕಿ ದಾರಿ ಮುಚ್ಚಿದೆಯೋ ತಿಳಿಯುವುದಿಲ್ಲ. ಕೋಡಿನಲ್ಲಿ ಹೆಸರಿರುವ ಭಾಗವನ್ನೇ ಬದಲಿಸುವ ರೂಢಿಯಿಂದ ಎಷ್ಟೋ ಜನರ ಹಣ ವ್ಯರ್ಥವಾಗಿದೆ. ಹೊಸ ಮಾಡ್ಯೂಲನ್ನು ಹಳೆಯ, ಕಿಲುಬು ಹಿಡಿದ ಕಪ್ಲರಿಗೇ (ವೈರುಗಳನ್ನು ಮಾಡ್ಯೂಲಿಗೆ ಜೋಡಿಸುವ ಪ್ಲಗ್ಗಿಗೇ) ಸಿಕ್ಕಿಸಿದರೆ ಮುಂದಿನ ಮಳೆಗೆ ಅದೇ ದೀಪಗಳು ಮತ್ತೆ ಹೊತ್ತುತ್ತವೆ.

ಪರೀಕ್ಷೆ ಯಾವ ಕ್ರಮದಲ್ಲಿ ನಡೆಯಬೇಕು ಎಂಬುದನ್ನು ನಿಮ್ಮ ಮೆಕ್ಯಾನಿಕ್‌ಗೆ ತೋರಿಸಲು ಅನುಕೂಲವಾಗುವಂತೆ ಬರೆಯುತ್ತೇನೆ. ಮೊದಲು ಎಂಜಿನ್ ಒಂದನ್ನೇ ಅಲ್ಲದೆ ಕಾರಿನ ಎಲ್ಲ ಮಾಡ್ಯೂಲುಗಳನ್ನೂ ಸ್ಕ್ಯಾನ್ ಮಾಡಿ, ಯಾವುದು ಸ್ಕ್ಯಾನರಿಗೆ ಉತ್ತರಿಸುತ್ತಿದೆ, ಯಾವುದು ಉತ್ತರಿಸುತ್ತಿಲ್ಲ, ಯಾರು ಯಾರ ಮೇಲೆ ದೂರು ಬರೆದಿದ್ದಾರೆ ಎಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಎಂಜಿನ್, ಸ್ಟೀರಿಂಗ್ ಮತ್ತು ಮೀಟರ್ ಬೋರ್ಡ್ ಮೂರೂ ಎಬಿಎಸ್ ಒಂದರ ಮೇಲೆಯೇ ದೂರಿದ್ದರೆ ಎಲ್ಲ ಮಾಡ್ಯೂಲುಗಳನ್ನೂ ಜೋಡಿಸುವ ಮುಖ್ಯ ಕ್ಯಾನ್ ವೈರುಗಳು ಬಹುತೇಕ ಚೆನ್ನಾಗಿವೆ. ದೋಷ ಆ ವೈರುಗಳಿಂದ ಎಬಿಎಸ್ ಕಡೆಗೆ ಒಡೆಯುವ ಕವಲಿನಲ್ಲಿದೆ. ಎಲ್ಲರೂ ಎಲ್ಲರ ಮೇಲೆಯೂ ದೂರಿದ್ದರೆ ಮುಖ್ಯ ವೈರುಗಳನ್ನೋ ಬ್ಯಾಟರಿಯನ್ನೋ ಶಂಕಿಸಬೇಕಾಗುತ್ತದೆ. ಯಾವ ಉಪಕರಣವನ್ನೂ ಮುಟ್ಟದೆ, ಕೇವಲ ಈ ಪಟ್ಟಿಯನ್ನು ಓದಿಯೇ ಅರ್ಧ ಕಾರನ್ನು ಸಂಶಯದಿಂದ ಹೊರಗಿಡಬಹುದು. ಕೋಡುಗಳನ್ನು ಬರೆದುಕೊಳ್ಳುವ ಮೊದಲೇ ಅಳಿಸಿಬಿಟ್ಟರೆ ಈ ಸಾಕ್ಷ್ಯವೆಲ್ಲ ಹೋಗುತ್ತದೆ.

ಎರಡನೆಯದಾಗಿ, ಎಬಿಎಸ್ ಮಾಡ್ಯೂಲಿಗೆ ಬರುವ ಫ್ಯೂಸುಗಳು, ಪಾಸಿಟಿವ್ ವೈರುಗಳು ಮತ್ತು ಅರ್ಥ್ (ಕರೆಂಟ್ ಬ್ಯಾಟರಿಗೆ ಮರಳುವ ಸಂಪರ್ಕ). ಇಲ್ಲಿ ಮಲ್ಟಿಮೀಟರ್ ಒಂದನ್ನೇ ನಂಬಿದರೆ ಮೋಸವಾಗುತ್ತದೆ. ಒಳಗೆ ತಿಂದುಹೋಗಿ ಒಂದೇ ಎಳೆ ಉಳಿದಿರುವ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆದುಕೊಳ್ಳುವ ಕರೆಂಟ್ ಅತ್ಯಲ್ಪ. ಕಪ್ಲರ್ ಬಿಚ್ಚಿ, ಅದರ ಪಾಸಿಟಿವ್ ಮತ್ತು ಅರ್ಥ್ ಪಿನ್ನುಗಳ ನಡುವೆ ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನು ಹಿಡಿದು ನೋಡಬೇಕು. ಪೂರ್ತಿ ಪ್ರಕಾಶದಿಂದ ಉರಿದರೆ ದಾರಿ ಗಟ್ಟಿಯಾಗಿದೆ, ಮಂಕಾದರೆ ಅಲ್ಲೇ ದೋಷ. ಆದರೆ ಈ ಬಲ್ಬನ್ನು ಕ್ಯಾನ್ ವೈರುಗಳಿಗೆ ಎಂದಿಗೂ ತಾಗಿಸಬಾರದು; ಮಾಡ್ಯೂಲಿನೊಳಗಿನ ಸೂಕ್ಷ್ಮ ಎಲೆಕ್ಟ್ರಾನಿಕ್ ಚಿಪ್‌ಗಳು ಹಾಳಾಗಬಹುದು.

ಆ ಕಪ್ಲರ್ ಬಿಚ್ಚಿದಾಗಲೇ ಕಣ್ಣಿಗೆ ಕಾಣುವುದೂ ಬಹಳ ಇರುತ್ತದೆ. ಎಬಿಎಸ್ ಯೂನಿಟ್ ಸಾಮಾನ್ಯವಾಗಿ ಬಾನೆಟ್ಟಿನ ಕೆಳಗೆ, ನೀರು ಸಿಡಿಯುವ ಜಾಗದಲ್ಲಿರುತ್ತದೆ. ಕಕ್ಕಡದ (ಜುಲೈ–ಆಗಸ್ಟ್ ವೇಳೆಯ ಕೊಡವ ತಿಂಗಳು) ಮಳೆಯಲ್ಲಿ ವಾರಗಟ್ಟಲೆ ಒಣಗದೆ ಓಡುವ ಕಾರಿನಲ್ಲಿ ಕಪ್ಲರಿನ ರಬ್ಬರ್ ಸೀಲ್ ಸ್ವಲ್ಪ ಸಡಿಲವಾಗಿದ್ದರೂ ಸಾಕು, ನೀರು ಒಳಗಿಳಿದು ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಒಣಗಿದಾಗ ಸಂಪರ್ಕ ಸರಿಯಾಗುವುದು, ಒದ್ದೆಯಾದಾಗ ತಪ್ಪುವುದು ನಿಮ್ಮ ಕಾರಿನ ನಡವಳಿಕೆಗೆ ಹೊಂದುತ್ತದೆ. ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಸ್ವಚ್ಛಗೊಳಿಸಬಹುದು. ಪಿನ್ ತಿಂದುಹೋಗಿದ್ದರೆ ಪಿನ್ ಅಥವಾ ಕಪ್ಲರ್ ಬದಲಿಸಬೇಕು, ಸೀಲನ್ನೂ ಹೊಸದು ಹಾಕಬೇಕು. ಕಾರಿನ ಲೋಹದ ಮೈಗೆ ಬೋಲ್ಟ್ ಮಾಡಿರುವ ಅರ್ಥ್ ವೈರಿನ ತುದಿಗಳನ್ನೂ (ಲಗ್) ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿಯಬೇಕು. ತೋಟದ ಮನೆಗಳಲ್ಲಿ ಇಲಿಗಳು ಬಾನೆಟ್ಟಿನೊಳಗೆ ಗೂಡು ಕಟ್ಟುವುದೂ ಸಾಮಾನ್ಯವಾದ್ದರಿಂದ ವೈರುಗಳ ಮೇಲಿನ ಟೇಪನ್ನು ಉದ್ದಕ್ಕೂ ಬೆರಳಿನಿಂದ ಮುಟ್ಟಿ ನೋಡುವುದು ಒಳ್ಳೆಯದು.

ಇದಾದ ಮೇಲೆ ಕ್ಯಾನ್ ವೈರುಗಳ ಸರದಿ. ಡ್ಯಾಶ್‌ಬೋರ್ಡಿನ ಕೆಳಗಿರುವ 16 ಪಿನ್ನುಗಳ ಒಬಿಡಿ ಸಾಕೆಟ್ಟಿನಲ್ಲಿ (ಸ್ಕ್ಯಾನರ್ ಸಿಕ್ಕಿಸುವ ಜಾಗ) 6ನೆಯದು ಕ್ಯಾನ್ ಹೈ, 14ನೆಯದು ಕ್ಯಾನ್ ಲೋ. ಮುಖ್ಯ ವೈರುಗಳ ಎರಡು ತುದಿಗಳಲ್ಲಿ ತಲಾ 120 ಓಮಿನ ಒಂದೊಂದು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಭಾಗ; ಆ ತಡೆಯ ಅಳತೆಯೇ ಓಮ್) ಇರುವುದರಿಂದ, ಬ್ಯಾಟರಿ ಕಳಚಿ ಸ್ವಲ್ಪ ಹೊತ್ತು ಬಿಟ್ಟು ಈ ಎರಡು ಪಿನ್ನುಗಳ ನಡುವೆ ಅಳೆದರೆ, ಎರಡೂ ಸಮಾಂತರವಾಗಿರುವುದರಿಂದ ಅದರ ಅರ್ಧ, ಅಂದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ ರೆಸಿಸ್ಟರ್ ತಪ್ಪಿದೆ ಅಥವಾ ಅಲ್ಲಿಗೆ ಹೋಗುವ ವೈರ್ ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡೂ ವೈರುಗಳು ಒಂದಕ್ಕೊಂದು ತಾಗಿವೆ. ಆದರೆ 60 ಬಂತೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಎಬಿಎಸ್ ಮುಖ್ಯ ವೈರಿನ ತುದಿಯಲ್ಲಿರದೆ ಕವಲಿನಲ್ಲಿದ್ದರೆ, ಆ ಕವಲು ತುಂಡಾಗಿದ್ದರೂ ಸಾಕೆಟ್ಟಿನಲ್ಲಿ 60 ಓಮೇ ತೋರುತ್ತದೆ. ಆದ್ದರಿಂದ ಎಬಿಎಸ್ ಕಪ್ಲರಿನ ಕ್ಯಾನ್ ಪಿನ್ನುಗಳಲ್ಲಿಯೂ ಇದೇ ಅಳತೆಯನ್ನು ತೆಗೆಯಬೇಕು. ಇನ್ನೊಂದು ಎಚ್ಚರಿಕೆ: ಕೆಲವು ಕಾರುಗಳಲ್ಲಿ ಒಬಿಡಿ ಸಾಕೆಟ್ಟಿಗೂ ಉಳಿದ ಮಾಡ್ಯೂಲುಗಳಿಗೂ ನಡುವೆ ಗೇಟ್‌ವೇ ಎಂಬ ಮಾಡ್ಯೂಲ್ ಇರುತ್ತದೆ. ಅಂಥ ಕಾರಿನಲ್ಲಿ ಸಾಕೆಟ್ಟಿನ ಅಳತೆ ಗೇಟ್‌ವೇ ತನಕದ ವೈರಿನ ಆರೋಗ್ಯವನ್ನು ಮಾತ್ರ ಹೇಳುತ್ತದೆ. ನಿಮ್ಮ ಮಾದರಿಯ ವೈರಿಂಗ್ ನಕ್ಷೆ ಕೈಯಲ್ಲಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಇಷ್ಟೆಲ್ಲ ನೋಡಿ, ಕರೆಂಟ್, ಅರ್ಥ್, ಕ್ಯಾನ್ ವೈರುಗಳು ಮೂರೂ ಒದ್ದೆಯಲ್ಲಿಯೂ ಸರಿಯಾಗಿಯೇ ಮಾಡ್ಯೂಲಿನ ಬಾಗಿಲಿನವರೆಗೆ ತಲುಪುತ್ತಿವೆ, ಆದರೂ ಅದು ಉತ್ತರಿಸುತ್ತಿಲ್ಲ ಎಂದು ಖಚಿತವಾದರೆ ಮಾತ್ರ ಮಾಡ್ಯೂಲ್ ಕೆಟ್ಟಿದೆ ಎನ್ನಬಹುದು. ಒಣಗಿದ ಕಾರಿನಲ್ಲಿ ದೋಷ ಕಾಣಿಸದಿದ್ದರೆ, ಎಂಜಿನ್ ಚಾಲೂ ಇರುವಾಗ ವೈರಿಂಗನ್ನು ಮೆಲ್ಲಗೆ ಅಲುಗಾಡಿಸಿ, ಕಪ್ಲರಿನ ಸುತ್ತ ಸ್ವಲ್ಪ ನೀರು ಚಿಮುಕಿಸಿ, ಸ್ಕ್ಯಾನರಿನ ಮೇಲೆ ಕಣ್ಣಿಟ್ಟಿರಬೇಕು. ದೋಷ ಸರಿಹೋಗುವವರೆಗೆ ಎಬಿಎಸ್ ಇಲ್ಲದಿದ್ದರೂ ಸಾಧಾರಣ ಬ್ರೇಕ್ ಹಿಡಿಯುತ್ತದೆ, ಆದರೆ ಜಾರುವ ರಸ್ತೆಯಲ್ಲಿ ಚಕ್ರ ಲಾಕ್ ಆಗಬಹುದು. ಸ್ಟೀರಿಂಗ್ ತಿರುವಿನ ನಡುವೆ ಬಿಗಿಯಾಗುವ ಕಾರಿನಲ್ಲಿ ಸಂಪಾಜೆ ಘಾಟಿ ಇಳಿಯುವ ಪ್ರಯತ್ನವನ್ನು ದಯವಿಟ್ಟು ಮಾಡಬೇಡಿ.

ಪ್ರಶ್ನೆ: ಕಾರಿಗೆ ಹೊರಗಡೆ ಫಾಗ್ ಲ್ಯಾಂಪ್ ಮತ್ತು ಜಿಪಿಎಸ್ ಟ್ರ್ಯಾಕರ್ ಹಾಕಿಸಿದೆವು. ಕಾರು ಚೆನ್ನಾಗಿಯೇ ಓಡುತ್ತಿದೆ. ಆದರೆ ಸರ್ವಿಸಿಗೆ ಬಿಟ್ಟಾಗ ಸ್ಕ್ಯಾನರ್ ಯಾವ ಮಾಡ್ಯೂಲಿನೊಂದಿಗೂ ಮಾತನಾಡುತ್ತಿಲ್ಲ ಎಂದರು. ಎಂಜಿನ್ ಕಂಪ್ಯೂಟರ್ ಕೆಟ್ಟಿರಬಹುದೇ? (ಓದುಗರೊಬ್ಬರು, ಕುಶಾಲನಗರ)

ಉತ್ತರ: ಕಾರು ಸ್ಟಾರ್ಟ್ ಆಗಿ, ಯಾವ ದೀಪವೂ ಹೊತ್ತದೆ ಓಡುತ್ತಿದೆ ಎಂದಾದರೆ ಮಾಡ್ಯೂಲುಗಳು ತಮ್ಮೊಳಗೆ ಮಾತನಾಡುತ್ತಲೇ ಇವೆ. ಕೆಟ್ಟಿರುವುದು ಸ್ಕ್ಯಾನರ್ ಮತ್ತು ಅವುಗಳ ನಡುವಿನ ಒಬಿಡಿ ಸಾಕೆಟ್ಟಿನ ಭಾಗ. ಆ ಸಾಕೆಟ್ಟಿನ 16ನೆಯ ಪಿನ್ನಿನಲ್ಲಿ ಬ್ಯಾಟರಿಯ ಪಾಸಿಟಿವ್, 4 ಮತ್ತು 5ನೆಯ ಪಿನ್ನುಗಳಲ್ಲಿ ಅರ್ಥ್ ಇರಬೇಕು. ಹಲವು ಕಾರುಗಳಲ್ಲಿ ಈ ಪಾಸಿಟಿವ್ ಬರುವುದು ಮೊಬೈಲ್ ಚಾರ್ಜ್ ಮಾಡುವ 12 ವೋಲ್ಟಿನ ಸಾಕೆಟ್ಟಿನ ಫ್ಯೂಸಿನಿಂದಲೇ. ಟ್ರ್ಯಾಕರ್ ಜೋಡಿಸುವಾಗ ಆ ಫ್ಯೂಸ್ ಹೋಗಿರುವ ಸಂಭವ ಹೆಚ್ಚು. ಮೊದಲು ಫ್ಯೂಸ್ ನೋಡಿಸಿ, ನಂತರ ಟ್ರ್ಯಾಕರನ್ನು ಪೂರ್ತಿ ಕಳಚಿ ಸ್ಕ್ಯಾನರ್ ಹಾಕಿಸಿ. ಫಾಗ್ ಲ್ಯಾಂಪ್ ಮಂಜಿನ ಊರಿಗೆ ಅಗತ್ಯವೇ, ಅದನ್ನು ಬೇಡ ಎನ್ನಲಾರೆ. ಆದರೆ ಅದಕ್ಕೆ ಸ್ವಂತ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್), ಸ್ವಂತ ಫ್ಯೂಸ್, ಬ್ಯಾಟರಿಯಿಂದ ನೇರ ವೈರ್ ಇರಲಿ. ಕಂಪನಿಯ ವೈರನ್ನು ಬ್ಲೇಡಿನಿಂದ ಸುಲಿದು ಟೇಪ್ ಸುತ್ತಿದ ಜೋಡಣೆ ಎರಡು ಮಳೆಗಾಲ ಬಾಳುವುದಿಲ್ಲ.

ಪ್ರಶ್ನೆ: ಪೊನ್ನಂಪೇಟೆಯಲ್ಲಿ ಸಣ್ಣ ಗ್ಯಾರೇಜ್ ಇಟ್ಟಿದ್ದೇನೆ. ಕ್ಯಾನ್ ವೈರುಗಳು ಪೂರ್ತಿ ಸತ್ತಿರುವ, ಅಂದರೆ ಯಾವ ಮಾಡ್ಯೂಲೂ ಉತ್ತರಿಸದ ಕಾರು ಬಂದರೆ ಯಾವುದು ಕೆಡಿಸುತ್ತಿದೆ ಎಂದು ಹುಡುಕುವುದು ಹೇಗೆ? (ಗ್ಯಾರೇಜ್ ಮಾಲೀಕರೊಬ್ಬರು)

ಉತ್ತರ: ಇಗ್ನಿಷನ್ ಹಾಕಿ, ಎರಡೂ ವೈರುಗಳ ವೋಲ್ಟೇಜನ್ನು ಅರ್ಥಿನಿಂದ ಅಳೆಯುವುದರಿಂದ ಆರಂಭಿಸಿ. ಆರೋಗ್ಯವಾಗಿರುವ ಕ್ಯಾನ್‌ನಲ್ಲಿ ಮಾತಿಲ್ಲದಾಗ ಎರಡೂ 2.5 ವೋಲ್ಟಿನ ಆಸುಪಾಸು ಇರುತ್ತವೆ. ಮಾತಾಡುವಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಮಲ್ಟಿಮೀಟರ್ ಸರಾಸರಿಯನ್ನಷ್ಟೇ ತೋರಿಸುವುದರಿಂದ ಹೈ 2.5ಕ್ಕಿಂತ ತುಸು ಹೆಚ್ಚು, ಲೋ ತುಸು ಕಡಿಮೆ ಕಾಣಬೇಕು. ಹೈ ಸೊನ್ನೆಯಾಗಿದ್ದರೆ ಅರ್ಥಿಗೆ ತಾಗಿದೆ, 12ರ ಹತ್ತಿರ ಇದ್ದರೆ ಪಾಸಿಟಿವ್ ವೈರಿಗೆ ತಾಗಿದೆ. ಆಮೇಲೆ ಮೀಟರನ್ನು ಜೋಡಿಸಿಟ್ಟುಕೊಂಡೇ ಮಾಡ್ಯೂಲುಗಳನ್ನು ಒಂದೊಂದಾಗಿ ಕಳಚುತ್ತಾ ಹೋಗಿ. ಯಾವುದನ್ನು ಕಳಚಿದಾಗ ವೋಲ್ಟೇಜ್ ಸರಿಯಾಯಿತೋ ಅದು ಅಥವಾ ಅದರ ಕಪ್ಲರ್ ದೋಷಿ. ಎಲ್ಲವನ್ನೂ ಕಳಚಿದರೂ ವೈರ್ ಅರ್ಥಿಗೋ ಪಾಸಿಟಿವ್ ವೈರಿಗೋ ತಾಗಿಯೇ ಇದ್ದರೆ ದೋಷ ವೈರಿನಲ್ಲಿದೆ. ಏರ್‌ಬ್ಯಾಗ್ ಮಾಡ್ಯೂಲ್ ಮಾತ್ರ ಬೇರೆ: ಬ್ಯಾಟರಿ ಕಳಚಿ, ತಯಾರಕರು ಹೇಳಿದಷ್ಟು ಹೊತ್ತು ಕಾದ ಮೇಲೆಯೇ ಅದನ್ನು ಮುಟ್ಟಬೇಕು, ಮತ್ತು ಏರ್‌ಬ್ಯಾಗಿನ ಹಳದಿ ಕಪ್ಲರುಗಳಿಗೆ ಮೀಟರ್ ಹಿಡಿಯಲೇಬಾರದು.

ತುಂಡಾದ ಕ್ಯಾನ್ ವೈರನ್ನು ಜೋಡಿಸುವಾಗ ಹೆಣಿಗೆಯನ್ನು ಮೊದಲಿದ್ದಂತೆಯೇ ಉಳಿಸಿ. ಹೊರಗಿನ ವಿದ್ಯುತ್ ಗದ್ದಲ ಎರಡೂ ವೈರುಗಳ ಮೇಲೆ ಸಮನಾಗಿ ಬಿದ್ದು, ಎರಡರ ವ್ಯತ್ಯಾಸವನ್ನಷ್ಟೇ ಓದುವ ಮಾಡ್ಯೂಲಿಗೆ ಅದು ತಾಗದೆ ಹೋಗುವುದು ಆ ಹೆಣಿಗೆಯಿಂದಲೇ. ಎರಡು ಜೋಡಣೆಗಳು ಒಂದೇ ಜಾಗದಲ್ಲಿ ಬರದಂತೆ ಸ್ವಲ್ಪ ಅಂತರವಿಟ್ಟು, ಒಳಬದಿಗೆ ಅಂಟು ಸವರಿರುವ ಹೀಟ್ ಶ್ರಿಂಕ್ (ಬಿಸಿ ತಾಗಿದಾಗ ಕುಗ್ಗುವ ಕೊಳವೆ) ಹಾಕಿ. ಕೈಗೆ ಹಣ ಬಂದಾಗ ಎರಡು ಚಾನೆಲಿನ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಚಿತ್ರವಾಗಿ ತೋರಿಸುವ ಉಪಕರಣ) ಕೊಳ್ಳಿ. ಕಾರಿನ ಕ್ಯಾನ್‌ನಲ್ಲಿ ಸಾಮಾನ್ಯವಾದ ಸೆಕೆಂಡಿಗೆ 500 ಕಿಲೋಬಿಟ್ ವೇಗದಲ್ಲಿ ಒಂದು ಬಿಟ್ ಇರುವುದು 2 ಮೈಕ್ರೋಸೆಕೆಂಡ್ ಮಾತ್ರ; ಅದರ ಆಕಾರ ಕೆಟ್ಟಿದೆಯೇ ಎಂಬುದನ್ನು ಮಲ್ಟಿಮೀಟರ್ ಎಂದೂ ತೋರಿಸಲಾರದು.

ಪ್ರಶ್ನೆ: ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಕಾರು ವಾರಗಟ್ಟಲೆ ಶೆಡ್ಡಿನಲ್ಲೇ ನಿಂತಿತ್ತು. ಸೆಲ್ಫ್ ಕಷ್ಟದಿಂದ ತಿರುಗಿ ಸ್ಟಾರ್ಟ್ ಆಯಿತು, ಆದರೆ ಒಂದು ರಾಶಿ ಯು ಕೋಡುಗಳು ಬಂದಿವೆ. (ಓದುಗರೊಬ್ಬರು, ಸಿದ್ದಾಪುರ)

ಉತ್ತರ: ಮೊದಲು ಬ್ಯಾಟರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ತಿರುಗುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಕೆಲವು ಮಾಡ್ಯೂಲುಗಳು ಆ ಕ್ಷಣ ಆರಿಹೋಗಿ, ಉಳಿದವು ಅವುಗಳ ಮೇಲೆ ದೂರು ಬರೆದಿಡುತ್ತವೆ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ಟರ್ಮಿನಲ್ಲುಗಳನ್ನು ಉಜ್ಜಿ ಬಿಗಿದು, ಕೋಡುಗಳನ್ನು ಬರೆದುಕೊಂಡು ಅಳಿಸಿ, ಕೆಲವು ದಿನ ಓಡಿಸಿ ಮತ್ತೆ ಸ್ಕ್ಯಾನ್ ಮಾಡಿಸಿ. ಆಗಲೂ ಮರಳಿ ಬಂದ ಕೋಡನ್ನಷ್ಟೇ ಹಿಂಬಾಲಿಸಿದರೆ ಸಾಕು.